ಇನ್ನೊಂದು ಕೂಗು

ಜಗಳೂರಿನ ನಮ್ಮ ಮನೆಯಲ್ಲಿ ಮೊದಲ ಕೂಗಿಗೆ ಯಾರೂ ಓಗೊಡುತ್ತಿರಲಿಲ್ಲ. ಅದರಲ್ಲೂ ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಾಚೆಯಿಂದ ಯಾರಾದರೂ ಹೆಸರು ಹಿಡಿದು ಕರೆದರೆ, ದನಿ ಎಷ್ಟೇ ಪರಿಚಯದ್ದಾಗಿರಲಿ, ಬಾಯಿ ಬಿಗಿಹಿಡಿದು ಕೂರಬೇಕು. ಇದು ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಮಾಡಿಟ್ಟ ಕಾನೂನು. ಅವಳು ಚಿಕ್ಕವಳಿದ್ದಾಗ ಕಾಯಿಲೆಯೊಂದು ಬಂದು ಓಣಿಗೆ ಓಣಿಯನ್ನೇ ಖಾಲಿ ಮಾಡಿತ್ತಂತೆ. ಆಗ ಸಂಜೆ ಹೊತ್ತು ಬೀದಿಯಲ್ಲಿ 'ಅದು' ಬರುತ್ತಿತ್ತಂತೆ. ಅದು ಏನೆಂದು ಅಜ್ಜಿ ಬಾಯಿಬಿಟ್ಟು ಹೇಳಿದವಳಲ್ಲ. ತವರಿನವರ ದನಿಯಲ್ಲೋ ಕಟ್ಟಿಕೊಂಡವನ ದನಿಯಲ್ಲೋ ಬಾಗಿಲ ಮುಂದೆ ನಿಂತು ಒಂದು ಸಲ ಕರೆಯುವುದು, 'ಓ' ಅಂದವರನ್ನು ತನ್ನ ಜೊತೆಗೆ ಕರೆದುಕೊಂಡು ಹೋಗುವುದು, ಅಷ್ಟೇ ಅದರ ಕೆಲಸ. ಆದರೆ ಅದಕ್ಕೆ ಎರಡನೇ ಸಲ ಕರೆಯಲು ಬರುವುದಿಲ್ಲ. ಅಜ್ಜಿ ಬತ್ತಿ ಹೊಸೆಯುತ್ತಾ ನಮಗೆಲ್ಲ ಪಾಠ ಹೇಳಿಕೊಡುವವಳಂತೆ ಹೇಳುತ್ತಿದ್ದಳು:

"ಮನುಷ್ಯರಾದ್ರೆ ಇನ್ನೊಂದು ಸಲ ಕೂಗ್ತಾರೆ. ಅಲ್ಲೀತನ ಸುಮ್ಕಿರ್ರಿ."

ಓಣಿಯವರಿಗೆಲ್ಲ ಇದು ಗೊತ್ತಿತ್ತು. ಹಾಲು ಹಾಕುವ ಹೆಂಗಸು 'ಬಸಕ್ಕಾ ಬಸಕ್ಕಾ' ಎಂದು ಒಂದೇ ಉಸಿರಿಗೆ ಎರಡು ಸಲ ಅವ್ವನನ್ನು ಕರೆದು, ಒಳಗಿನಿಂದ ಉತ್ತರ ಬರುವ ಮೊದಲೇ ನಕ್ಕುಬಿಡುತ್ತಿದ್ದಳು. ಗೊತ್ತಿಲ್ಲದ ನೆಂಟರು ಮಾತ್ರ ಒಮ್ಮೆ ಕರೆದು, ಮನೆಯಲ್ಲಿ ಯಾರೂ ಇಲ್ಲವೆಂದು ಜಗಲಿಯ ಮೇಲೆ ಕೂತು, ಆಮೇಲೆ ಒಳಗೆ ಪಾತ್ರೆ ಸದ್ದು ಕೇಳಿಸಿ ಮುಖ ಊದಿಸಿಕೊಳ್ಳುತ್ತಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಎಂದು ಸುಣ್ಣದಲ್ಲಿ ಬರೆದಿತ್ತು. ಅಜ್ಜಿಗೆ ಅಷ್ಟರಿಂದ ಸಮಾಧಾನವಿರಲಿಲ್ಲ; ಓದು ಬಾರದ್ದು ಬಂದರೆ ಏನು ಮಾಡುವುದು ಎಂದು ಅವಳ ಚಿಂತೆ. ನನಗಂತೂ ಈ ಪದ್ಧತಿ ಎಷ್ಟು ಮೈಗೂಡಿತ್ತೆಂದರೆ ಶಾಲೆಯಲ್ಲಿ ಮಾಸ್ತರು ಹಾಜರಿ ಕೂಗುವಾಗ 'ನಾಗರತ್ನ' ಎಂದರೆ ತುಟಿ ಬಿಗಿದು ಕೂರುತ್ತಿದ್ದೆ. ಅವರು ಇನ್ನೊಂದು ಸಲ ಕೂಗಿದರೆ ಎದ್ದು ನಿಲ್ಲುತ್ತಿದ್ದೆ, ಕೂಗದಿದ್ದರೆ ಆ ದಿನ ನಾನು ಶಾಲೆಯಲ್ಲಿ ಇಲ್ಲ. ಅವ್ವ ಶಾಲೆಗೆ ಹೋಗಿ ಮಾಸ್ತರಿಗೆ ಇದನ್ನು ವಿವರಿಸಿ ಬಂದ ದಿನ ಅಪ್ಪ ಊಟ ಮಾಡಲಾಗದಷ್ಟು ನಕ್ಕಿದ್ದರು.

ನಮ್ಮದು ಮಣ್ಣಿನ ಮಾಳಿಗೆ ಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯಿಂದ ಬಿದ್ದದ್ದೇ ಬೆಳಕು. ಮಳೆ ಬಂದರೆ ಯಾರಾದರೂ ಮೇಲೆ ಓಡಿಹೋಗಿ ಅದರ ಮೇಲೆ ಮಡಿಕೆ ಬೋರಲು ಹಾಕಬೇಕು. ಜಗಳೂರಿನಲ್ಲಿ ಆ ಕೆಲಸ ಹೆಚ್ಚಾಗಿ ಬೀಳುತ್ತಿರಲಿಲ್ಲ. ಬೆಳಕಿಂಡಿಯ ಕೆಳಗೇ ನಾವು ಊಟಕ್ಕೆ ಕೂರುತ್ತಿದ್ದೆವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆಲ್ಲ ಊಟ. ಮುದ್ದೆ, ಹುರುಳಿ ಸಾರು, ಅಥವಾ ರೊಟ್ಟಿ, ಶೇಂಗಾ ಹಿಂಡಿ. ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ರಿಪೇರಿ ಮಾಡಿದ್ದಕ್ಕಿಂತ ಬಿಚ್ಚಿಟ್ಟದ್ದೇ ಹೆಚ್ಚು. ಸಂಜೆ ಯಾರದಾದರೂ ಒಂದು ರೇಡಿಯೊ ಬಗಲಿಗಿಟ್ಟುಕೊಂಡು ಬಂದು, ಊಟಕ್ಕೆ ಮುಂಚೆ ಅದರ ಕಿವಿ ತಿರುಗಿಸುತ್ತಾ ಕೂರುತ್ತಿದ್ದರು. ಹಾಡು ಬರುವ ಕಡೆ ನಿಲ್ಲಿಸುತ್ತಿರಲಿಲ್ಲ, ವಾರ್ತೆ ಬರುವ ಕಡೆಯೂ ನಿಲ್ಲಿಸುತ್ತಿರಲಿಲ್ಲ. ಎರಡು ಸ್ಟೇಷನ್ನುಗಳ ನಡುವೆ ಬರೀ ಸೊರ್ರೆನ್ನುವ ಕಡೆ ನಿಲ್ಲಿಸಿ, ಕಿವಿ ಹಚ್ಚಿ ಕೇಳುತ್ತಿದ್ದರು. ಆ ಸದ್ದಿನಲ್ಲಿ ಒಂದಿಷ್ಟು ಆಕಾಶದಿಂದ ಬರುವುದಂತೆ. ಎಲ್ಲಿ ಓದಿದ್ದರೋ, ಯಾರ ಬಾಯಲ್ಲಿ ಕೇಳಿದ್ದರೋ ಕಾಣೆ. ಚಂದ್ರನಲ್ಲೂ ಜನ ಇದ್ದಾರೆಂದು ಅವರು ಬಹಳ ದಿನ ನಂಬಿದ್ದರು. ಅಲ್ಲಿಗೆ ಮನುಷ್ಯರು ಹೋಗಿಬಂದು ಬರೀ ಕಲ್ಲು ಮಣ್ಣು ತಂದರು ಎಂದು ತಿಳಿದ ಮೇಲೂ, 'ಊರ ಹೊರಗೆ ಇಳಿದಿರಬೇಕು' ಎಂದು ವಾದಿಸಿದ್ದನ್ನು ಅವ್ವ ಸಾಯುವತನಕ ಮರೆಯುವವಳಲ್ಲ. ಆದರೂ ಒಂದು ವಾದ ಮಾತ್ರ ಅಪ್ಪನದು ಗಟ್ಟಿಯಾಗಿತ್ತು. ಅದನ್ನು ಅವರು ರೊಟ್ಟಿ ಹಿಡಿದ ಕೈ ಮೇಲೆತ್ತಿ ಬೆಳಕಿಂಡಿ ತೋರಿಸುತ್ತಾ ಹೇಳುತ್ತಿದ್ದರು:

"ಈ ಕಿಂಡಿಯಾಗೆ ಕಾಣೋದೇ ಇಷ್ಟು. ಇಷ್ಟರಾಗೇ ಆಟೊಂದು ಚುಕ್ಕಿ ಅವೆ. ಇಡೀ ಮಾಳಿಗೆ ಕಿತ್ತು ನೋಡಿದ್ರೆ ಎಷ್ಟಾಗಬೇಕು? ಅಷ್ಟರಾಗೆ ಒಂದು ಕಡೆಗಾದ್ರೂ ಒಲೆ ಉರೀತಿರಬೇಕಲ್ಲ?"

"ಉರಿದ್ರೆ ಉರೀಲಿ. ಇಲ್ಲಿ ನಮ್ಮ ಒಲೆ ಆರಾಕೆ ಹತ್ತೈತೆ, ಒಂದು ಕಟ್ಟಿಗೆ ಮುಂದಕ್ಕೆ ತಳ್ರಿ."

ಇದು ಅವ್ವ. ಅವ್ವ ಸಂತೇಬೆನ್ನೂರಿನವಳು, ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಇಷ್ಟರ ಮೇಲೆ ಸಂಸಾರ ನಡೆಸುವವಳು. ಅಜ್ಜಿ, ಅಲ್ಲಿರುವವರು ಶಿವಗಣಂಗಳು, ಅವರಿಗೆ ಒಲೆ ಯಾಕೆ ಬೇಕು ಎಂದು ನಡುವೆ ಬಾಯಿ ಹಾಕುತ್ತಿದ್ದಳು. ಜಗಳ ಹತ್ತುತ್ತಿತ್ತು. ಅಪ್ಪನ ಮಾತನ್ನು ಪೂರ್ತಿ ಕೇಳುತ್ತಿದ್ದವಳು ಒಬ್ಬಳೇ, ಗಿರಿಜತ್ತೆ.

ಗಿರಿಜತ್ತೆ ಅಪ್ಪನ ಅಕ್ಕ. ಅವಳನ್ನು ಹೊನ್ನಾಳಿಗೆ ಕೊಟ್ಟಿದ್ದರು. ಅವಳ ಗಂಡ, ನಮ್ಮ ಮಾವ, ಜವಳಿ ಗಂಟು ಹೊತ್ತು ಸಂತೆಯಿಂದ ಸಂತೆಗೆ ಹೋಗುತ್ತಿದ್ದ ಮನುಷ್ಯ. ಒಂದು ದಿನ ನ್ಯಾಮತಿ ಸಂತೆಗೆಂದು ಹೋದವರು ಮನೆಗೆ ಬರಲಿಲ್ಲ. ಗಂಟು ಬಂತು. ಮಡಿಕೆ ಕೆಡದ ಸೀರೆಗಳಿದ್ದ ಗಂಟನ್ನು ನ್ಯಾಮತಿಯ ಚಹಾ ಅಂಗಡಿಯವನೊಬ್ಬ, ಇಲ್ಲೇ ಬರ್ತೀನಿ ನೋಡ್ಕೊ ಎಂದು ಇಟ್ಟು ಹೋದರು ಅಂತ ಹೇಳಿ, ಹೊನ್ನಾಳಿಗೆ ಬರುವ ಬಸ್ಸಿಗೆ ಹಾಕಿ ಕಳಿಸಿದ್ದ. ಶಿವಮೊಗ್ಗದ ಬಸ್ಸು ಹತ್ತಿದ್ದನ್ನು ನೋಡಿದೆ ಅಂದವರಿದ್ದರು, ಹೊನ್ನಾಳಿಗೇ ವಾಪಸು ಬಂದು ಹೊಳೆಯ ಮೆಟ್ಟಿಲಿಳಿದದ್ದನ್ನು ನೋಡಿದೆ ಅಂದವರಿದ್ದರು. ಹೊಳೆ ಯಾರನ್ನೂ ಹೊರಗೆ ಹಾಕಲಿಲ್ಲ. ಮನೆಯಲ್ಲಿ ಜಗಳ ಆಗಿರಲಿಲ್ಲ, ಅಥವಾ ಆಗಿದ್ದರೆ ಅತ್ತೆ ಅದನ್ನು ಯಾರಿಗೂ ಹೇಳಲಿಲ್ಲ. ಮಕ್ಕಳಿರಲಿಲ್ಲ. ಒಂದು ವರ್ಷವೋ ಹೆಚ್ಚೋ ಕಾದು, ಅತ್ತೆಯ ಮೈದುನ ಅವಳನ್ನು ಟ್ರಂಕಿನ ಸಮೇತ ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ನಡುಮನೆಯ ಕಂಬಕ್ಕೆ ಒರಗಿ ಕೂರುವವಳಾಗಿದ್ದಳು. ನನಗೆ ಜಡೆ ಹೆಣೆದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು ಅವಳೇ. ನಾನು ಅವ್ವನಿಗಿಂತ ಅವಳನ್ನೇ ಹೆಚ್ಚು ಹಚ್ಚಿಕೊಂಡಿದ್ದೆ, ಇದು ಅವ್ವನಿಗೂ ಗೊತ್ತಿತ್ತು.

ಅತ್ತೆಯ ಸಂಕಟ ಏನೆಂದು ಹೊರಗಿನವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅವಳ ಹಣೆಯಲ್ಲಿ ಕುಂಕುಮ ಇರಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ. ಗಂಡ ಇದ್ದರೆ ಮುತ್ತೈದೆ, ಇಲ್ಲದಿದ್ದರೆ ಅಲ್ಲ. ಇದ್ದಾನೋ ಇಲ್ಲವೋ ತಿಳಿಯದವಳಿಗೆ ನಮ್ಮಲ್ಲಿ ಹೆಸರಿಲ್ಲ. ಅತ್ತೆ ಕುಂಕುಮ ಇಡುತ್ತಿದ್ದಳು, ತಾಳಿಯೂ ಇತ್ತು. ಒಮ್ಮೆ ಗೌರಿ ಹಬ್ಬದಲ್ಲಿ ಎದುರು ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು. ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ನಾನು ಅತ್ತೆಯ ತೊಡೆಗೆ ಒತ್ತಿ ಕೂತಿದ್ದೆ. ಆ ಮನೆಯ ಯಜಮಾನಿ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಇಡುತ್ತಾ ಬಂದವಳು ಅತ್ತೆಯ ಮುಂದೆ ನಿಂತುಬಿಟ್ಟಳು. ಕೆಟ್ಟವಳಲ್ಲ, ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ. ಬೆರಳು ಕುಂಕುಮದಲ್ಲೇ ಇತ್ತು, ಕಣ್ಣು ಪಕ್ಕದಲ್ಲಿದ್ದ ತನ್ನ ಗಂಡನ ತಾಯಿಯ ಮುಖ ನೋಡುತ್ತಿತ್ತು. ಕೊನೆಗೆ ಅತ್ತೆಯೇ ಕೈ ಚಾಚಿ ಒಂದು ಚಿಟಿಕೆ ತೆಗೆದುಕೊಂಡು, ತನ್ನ ಹಣೆಗೆ ತಾನೇ ಇಟ್ಟುಕೊಂಡು, 'ಬರ್ತೀನ್ರವ್ವಾ' ಎಂದು ಎದ್ದಳು. ಆಮೇಲೆ ಅವಳು ಇನ್ನೊಬ್ಬರ ಮನೆಯ ಶುಭಕ್ಕೆ ಹೋದದ್ದನ್ನು ನಾನು ಕಾಣೆ. ಕರೆದವರಿಗೆ ಕಷ್ಟವಾಗಬಾರದು ಎಂದು ಹೋಗುವುದನ್ನೇ ಬಿಟ್ಟಳು.

ಅವ್ವನಿಗೆ ಅವಳ ಮೇಲೆ ಸಿಟ್ಟು. ಸಿಟ್ಟೆಂದರೆ ದ್ವೇಷವಲ್ಲ, ಒಲೆಯ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ಕೈಜೋಡಿಸಿಯೇ ದುಡಿಯುತ್ತಿದ್ದರು. ಆದರೆ ಸಂಜೆಯಾದರೆ ಅತ್ತೆ ಹೊಸ್ತಿಲ ಹತ್ತಿರ, ಬಾಗಿಲಿಗೆ ಮುಖ ಮಾಡಿ ಕೂರುವುದು, ಬಸ್ಸಿನ ಸದ್ದಾದರೆ ಕತ್ತು ಎತ್ತುವುದು, ಇದನ್ನು ಅವ್ವ ಸಹಿಸುತ್ತಿರಲಿಲ್ಲ. ಅದರ ಜೊತೆಗೆ ಅಪ್ಪನ ಆಕಾಶ ಪುರಾಣ ಬೇರೆ ಸೇರಿಕೊಂಡಿತ್ತು. ಅತ್ತೆ ಕಂಬಕ್ಕೆ ಒರಗಿ ಕೇಳುತ್ತಿದ್ದಳು, ಅಪ್ಪ ಉತ್ಸಾಹದಿಂದ ಹೇಳುತ್ತಿದ್ದರು. ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ, ಬೇರೆ ಬೇರೆ ರೀತಿಯಲ್ಲಿ.

"ಅಷ್ಟು ಜನ ಅದಾರೆ ಅಂತೀಯಲ್ಲೋ ತಮ್ಮಾ, ಹಂಗಾದ್ರೆ ಒಬ್ಬರಾದ್ರೂ ಯಾಕ ಮಾತಾಡವಲ್ಲರು?"

"ದೂರ ಕಣಕ್ಕ. ಅವರು ಅಲ್ಲಿಂದ ಕೂಗಿದ್ರೆ ಇಲ್ಲಿಗೆ ಮುಟ್ಟೋ ಹೊತ್ತಿಗೆ ನಾವೇ ಇರಾಂಗಿಲ್ಲ. ನಾವು ಕೂಗಿದ್ರೂ ಅಷ್ಟೇ. ಕೇಳಸ್ತಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ."

"ಇದೇ ಮಾತು ಹೇಳಿ ಹೇಳಿ ಆಕಿನ್ನ ಹಿಂಗೆ ಕೂರಿಸೀರಿ ನೀವು," ಎಂದು ಅವ್ವ ಒಲೆಯ ಮುಂದಿನಿಂದ ಗುಡುಗುತ್ತಿದ್ದಳು. "ಇದ್ರೆ ಐತೆ ಅನ್ರಿ, ಇಲ್ದಿದ್ರೆ ಇಲ್ಲ ಅನ್ರಿ. ಅತ್ತಾಗೂ ಅಲ್ಲ ಇತ್ತಾಗೂ ಅಲ್ಲ ಅಂದ್ರೆ ಮನುಷ್ಯಳು ಹೆಂಗೆ ಬದುಕ್ಬೇಕು?"

ಅವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಚುಕ್ಕಿಗಳ ಮಾತಾಡುತ್ತಿದ್ದರು, ಅತ್ತೆ ತನ್ನ ಗಂಡನ ಮಾತು ಕೇಳುತ್ತಿದ್ದಳು, ಅದು ನಮಗೆಲ್ಲ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಅಕ್ಕನ ಮುಂದೆ 'ಭಾವ ಬರುತ್ತಾರೆ' ಎಂದು ಹೇಳುವ ಧೈರ್ಯ ಅವರಿಗಿರಲಿಲ್ಲ, 'ಬರುವುದಿಲ್ಲ' ಎಂದು ಹೇಳುವ ಮನಸ್ಸೂ ಇರಲಿಲ್ಲ. ಹಾಗಾಗಿ ಆಕಾಶದ ಮೇಲೆ ಹಾಕಿ ಹೇಳುತ್ತಿದ್ದರು.

ಒಂದು ಸಂಜೆ ನಡೆದದ್ದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೋ ಲೆಕ್ಕವಿಲ್ಲ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಅಜ್ಜಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಅಪ್ಪ ಅಂಗಡಿಯಿಂದ ಬೇಗ ಬಂದು ಕಾಲು ತೊಳೆಯುತ್ತಿದ್ದರು. ಅತ್ತೆಯೂ ನಾನೂ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದೆವು. ಅಂದು ಗಾಳಿ ಜೋರಿತ್ತು, ಧೂಳಿಗೆಂದು ಬೀದಿ ಬಾಗಿಲು ಮುಂದೆ ಮಾಡಿತ್ತು. ಹೊರಗಿನಿಂದ ಒಂದು ಗಂಡು ದನಿ ಕರೆಯಿತು.

"ಗಿರಿಜಾ."

ನಮ್ಮ ಮನೆಯಲ್ಲಿ ಅವಳನ್ನು ಹಾಗೆ ಯಾರೂ ಕರೆಯುತ್ತಿರಲಿಲ್ಲ. ಅಜ್ಜಿಗೆ ಅವಳು ಗಿರಿಜಿ, ಅಪ್ಪನಿಗೆ ಅಕ್ಕ, ಅವ್ವನಿಗೆ ಗಿರಿಜಕ್ಕ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸರು ಆಗ ಕಡಿಮೆ. ಮಾವ ಕರೆಯುತ್ತಿದ್ದರಂತೆ, ಅದಕ್ಕೇ ಹೊನ್ನಾಳಿಯಲ್ಲಿ ಅವರನ್ನು ಆಡಿಕೊಳ್ಳುತ್ತಿದ್ದರಂತೆ. ಅತ್ತೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಬಾಯಿ ತೆರೆದಿತ್ತು. ಅಜ್ಜಿ ಎಣ್ಣೆ ಗಿಂಡಿ ಹಿಡಿದ ಕೈಯನ್ನೇ ಮೇಲೆತ್ತಿ, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿದಳು. ನಾವೆಲ್ಲ ಕಾದೆವು. ಅವ್ವನೂ ರೊಟ್ಟಿಯ ಮೇಲಿಂದ ಕೈ ಎತ್ತಿ ಕಾದಳು, ಯಾವುದನ್ನೂ ನಂಬದ ಅವ್ವ. ಹಂಚಿನ ಮೇಲಿದ್ದ ರೊಟ್ಟಿ ಸುಡುವ ವಾಸನೆ ಬಂತು. ಇನ್ನೊಂದು ಕೂಗು ಬರಲಿಲ್ಲ. ಗಾಳಿಗೆ ಬಾಗಿಲು ಒಮ್ಮೆ ಅಲುಗಾಡಿದ್ದಷ್ಟೆ. ಕೊನೆಗೆ ಅಪ್ಪ ಒದ್ದೆ ಕಾಲಲ್ಲೇ ಹೋಗಿ ಬಾಗಿಲು ತೆರೆದರು. ಬೀದಿಯಲ್ಲಿ ಧೂಳು ಏಳುತ್ತಿತ್ತು. ಆ ತುದಿಯಿಂದ ಈ ತುದಿಯತನಕ ಯಾರೂ ಇರಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನತನಕ ಓಡಿದರು. ದಾವಣಗೆರೆಯ ಬಸ್ಸು ಆಗಷ್ಟೇ ಹೋಯಿತು ಎಂದರಂತೆ. ಹಿಂದಿನ ಓಣಿಯಲ್ಲಿ ದರ್ಜಿಯ ಮಗಳೊಬ್ಬಳು ಗಿರಿಜಾ ಇದ್ದಳು. ಅವರ ಮನೆಯಲ್ಲಿ ಕೇಳಿದರೆ, ಅವಳಪ್ಪ ಕರೆದಿದ್ದರೂ ಕರೆದಿರಬಹುದು ಎಂದರು.

ಅಂದು ಊಟಕ್ಕೆ ಕೂತಾಗ ಮೊದಲು ಮಾತೆತ್ತಿದವಳು ಅಜ್ಜಿ. ಅದೇ ಬಂದಿತ್ತು, ಓ ಅನ್ನದೆ ಇದ್ದದ್ದಕ್ಕೆ ಗಿರಿಜಿ ಉಳಿದಳು ಎಂದು ಕೈ ಮುಗಿದಳು. ದರ್ಜಿ ಕರೆದದ್ದು ಎಂದು ಅವ್ವ. ಅಪ್ಪ ಅಂದು ರೇಡಿಯೊ ಮುಟ್ಟಲಿಲ್ಲ. ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತಿದ್ದಳು.

"ಅವರೇ ಆಗಿದ್ರೆ ಇನ್ನೊಂದು ಸಲ ಕೂಗ್ತಿದ್ರು ಗಿರಿಜಕ್ಕ," ಎಂದು ಅವ್ವ ದನಿ ತಗ್ಗಿಸಿ ಹೇಳಿದಳು. "ಈ ಮನೆ ಪದ್ಧತಿ ಅವರಿಗೆ ಗೊತ್ತಿರಲಿಲ್ವಾ? ಹೊಸ ಅಳಿಯನ್ನ ಬಿಸಿಲಾಗೆ ನಿಲ್ಲಿಸಿ ಎರಡು ಸಲ ಕೂಗಿಸಿದ್ದು ನೀವೇ ಹೇಳಿದ್ರಲ್ಲ."

"ಗೊತ್ತಿತ್ತು," ಎಂದಳು ಅತ್ತೆ. ರೊಟ್ಟಿಯ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಮತ್ತೆ ಹೇಳಿದಳು. "ಇಷ್ಟು ದಿನ ಬಿಟ್ಟು ಬಂದೋರು. ಮಕ ತೋರ್ಸಾಕೆ ನಾಚಿಕೆ ಆಗಿರ್ತೈತೆ. ಒಂದು ಸಲ ಕೂಗಾಕೇ ಎಷ್ಟು ಧೈರ್ಯ ಬೇಕಾಗಿತ್ತೋ. ಎರಡನೇ ಸಲಕ್ಕೆ ಉಳಿದಿರಲಿಲ್ಲ ಬಸಮ್ಮಾ."

ಅತ್ತೆ ತಲೆ ಎತ್ತಿ ಬೆಳಕಿಂಡಿಯತ್ತ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಅವಳು ಅಂದದ್ದು ನನಗೆ ಈಗಲೂ ಕಿವಿಯಲ್ಲಿದೆ. ನಗುವಂತೆಯೇ ಹೇಳಿದಳು.

"ಅಲ್ಲಿರೋರೂ ಹಿಂಗೇ ಇರಬೇಕು ಕಣೋ. ಒಂದೇ ಕೂಗಿಗೆ ಓ ಅನ್ನಬಾರದು ಅಂತ ಹೇಳೋ ಒಬ್ಬಾಕಿ ಅಜ್ಜಿ ಅವರ ಮನೆಯಾಗೂ ಇರಬೇಕು. ಅವರು ನಾವು ಇನ್ನೊಂದು ಸಲ ಕೂಗ್ಲಿ ಅಂತ ಕುಂತಾರೆ, ನಾವು ಅವರು ಕೂಗ್ಲಿ ಅಂತ."

ಅಜ್ಜಿ ಎದ್ದು ಒಳಗೆ ಹೋದಳು. ಆ ಮುದುಕಿಯನ್ನು ನಾನು ಆಗ ಬೈದುಕೊಂಡಿದ್ದೆ, ಈಗ ಬೈಯುವುದಿಲ್ಲ. ಓಣಿಯನ್ನು ಖಾಲಿ ಮಾಡಿದ ಕಾಯಿಲೆಯನ್ನು ಕಂಡವಳು ಮಕ್ಕಳನ್ನು ಉಳಿಸಿಕೊಳ್ಳಲು ತನಗೆ ಗೊತ್ತಿದ್ದ ಒಂದೇ ದಾರಿ ಹೇಳಿದ್ದಳು. ಮಗಳನ್ನು ಕಾಪಾಡಲೆಂದೇ ತುಟಿಗೆ ಬೆರಳಿಟ್ಟಿದ್ದಳು. ಆಮೇಲೆ ಅವಳು ಬದುಕಿದ್ದಷ್ಟು ದಿನ ನಮಗೆ ಆ ಪಾಠ ಹೇಳಿದ್ದನ್ನು ನಾನು ಕೇಳಲಿಲ್ಲ. ನಾವಾಗಿಯೇ ಒಂದು ಕೂಗಿಗೆ ಓ ಅನ್ನತೊಡಗಿದೆವು. ಹಾಲಿನವಳು ಅಭ್ಯಾಸಬಲದಿಂದ ಎರಡನೇ ಸಲ ಕರೆಯುವುದರೊಳಗೆ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಹೊನ್ನಾಳಿಯಿಂದ ಅತ್ತೆಯ ಮೈದುನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದದ್ದು ಅದಾದ ಮೇಲೆ. ಅವನ ಮಗಳಿಗೆ ಗಂಡು ಗೊತ್ತಾಗಿತ್ತು. ಮದುವೆಯ ಮನೆಯಲ್ಲಿ ದೊಡ್ಡವನದು ಹೀಗೆ ಅರ್ಧಕ್ಕೆ ನಿಂತಿರುವುದು ಒಳ್ಳೆಯದಲ್ಲವಂತೆ. ಅಣ್ಣ ಹೋದನೆಂದು ಒಪ್ಪಿಕೊಂಡು, ಆಗಬೇಕಾದ್ದನ್ನು ಮಾಡಿ ಮುಗಿಸಿ, ಅತ್ತೆ ತಾಳಿ ತೆಗೆದರೆ ಎಲ್ಲರಿಗೂ ನೆಮ್ಮದಿ ಎಂದರು. ಗದರಿಸಿ ಹೇಳಲಿಲ್ಲ. ಮೈದುನನ ಕಣ್ಣಲ್ಲೂ ನೀರಿತ್ತು. ಅವನಿಗೂ ಅಣ್ಣನೇ ಅಲ್ಲವೆ. ಅಪ್ಪ ನೆಲ ನೋಡುತ್ತಾ ಕೂತರು. ಅವ್ವ ಚಹಾದ ಲೋಟ ಇಡುತ್ತಾ, ಅವರು ಹೇಳೋದೂ ಸರಿ ಐತೆ, ಎಷ್ಟು ದಿನ ಅಂತ ಹಿಂಗೆ, ಎಂದಳು. ಅತ್ತೆ ಒಳಮನೆಯ ಬಾಗಿಲ ಸಂದಿಯಿಂದ ಮಾತಾಡಿದಳು. ಮುಖ ಕಾಣುತ್ತಿರಲಿಲ್ಲ.

"ಮದುವೆ ಚೆಂದಾಗಿ ಮಾಡ್ರಿ. ನಾನು ಬರಾಂಗಿಲ್ಲ, ನಿಮಗೆ ತೊಂದ್ರೆ ಆಗಾಂಗಿಲ್ಲ. ಆದ್ರೆ ಅವರು ಹೋದ್ರು ಅಂತ ನನ್ನ ಬಾಯಿಂದ ಹೇಳಿಸಬ್ಯಾಡ್ರಿ. ಹಂಗಂದ ಮ್ಯಾಲೆ ನಾನು ಯಾರಿಗೆ ಓ ಅನ್ಲಿ?"

ಅವರು ಚಹಾ ಕುಡಿಯದೆ ಎದ್ದುಹೋದರು. ಅತ್ತೆಗೆ ಅವ್ವನ ಮಾತು ಚುಚ್ಚಿತ್ತು. ಆಮೇಲೆ ಬಹಳ ದಿನ ಇಬ್ಬರೂ ಒಂದೇ ಒಲೆಯ ಎರಡು ಕಡೆ ಕೂತು, 'ಉಪ್ಪು ಹಾಕೈತೇನು ಕೇಳೆ' ಎಂದು ನನ್ನ ಮೂಲಕ ಮಾತಾಡುತ್ತಿದ್ದರು.

ನಾನು ಬೆಳೆದೆ. ಚನ್ನಗಿರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಗಂಟೆ ಬಾರಿಸಿದ ಕೂಡಲೇ ಎತ್ತಿ ಉತ್ತರ ಕೊಡುವುದೇ ಕೆಲಸ, ಅದಕ್ಕೆ ಸಂಬಳ. ಜೊತೆಗಿದ್ದವರು ಹರಟೆ ಮುಗಿಸಿ ಎತ್ತುತ್ತಿದ್ದರು. ನನಗೆ ಆಗುತ್ತಿರಲಿಲ್ಲ. ಯಾರೋ ಎಲ್ಲೋ ಅದೊಂದೇ ಸಲಕ್ಕೆ ಧೈರ್ಯ ಕೂಡಿಸಿಕೊಂಡು ಕರೆದಿರಬಹುದು ಎಂದು ಕೈ ತಾನಾಗಿ ಹೋಗುತ್ತಿತ್ತು. ಈಗಲೂ, ಮೊಬೈಲು ಬಡಿದುಕೊಳ್ಳುತ್ತಿದ್ದರೆ ಯಾರದೆಂದು ನೋಡಿ ಸುಮ್ಮನೆ ಪಕ್ಕಕ್ಕಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ಇದಕ್ಕೆ ಎಷ್ಟು ರಂಪ ಮಾಡಿದ್ದೇನೆಂದರೆ ನನ್ನ ಗಂಡ ನಾನಿರುವಾಗ ಎಂಥ ಬೇಡದ ಕರೆಯನ್ನೂ ಎತ್ತಿ ಮಾತಾಡಿ ಇಡುತ್ತಾರೆ. ನನ್ನ ಮದುವೆ ಜಗಳೂರಿನ ಮನೆಯ ಮುಂದೆಯೇ ಆಯಿತು. ಆರತಿಯ ಹೊತ್ತಿಗೆ ಅತ್ತೆಯನ್ನು ಹುಡುಕಿದರೆ ಉಗ್ರಾಣದಲ್ಲಿ ಬಾಳೆಲೆ ಒರೆಸುತ್ತಾ ಕೂತಿದ್ದಳು. ಎಳೆದರೂ ಬರಲಿಲ್ಲ. ನನ್ನನ್ನು ಸಾಕಿದವಳ ಕೈಯ ಆರತಿ ನನಗೆ ಸಿಗಲಿಲ್ಲ. ಆ ದುಃಖ ಇನ್ನೂ ಹಾಗೇ ಇದೆ, ಯಾರ ಮೇಲೆ ಹಾಕಲಿ? ಅಜ್ಜಿ ಆಗಲೇ ಹೋಗಿದ್ದಳು. ಕೆಲವು ವರ್ಷಕ್ಕೆ ಅಪ್ಪನೂ ಹೋದರು. ಅವ್ವ ಹಣೆ ಬರಿದು ಮಾಡಿಕೊಂಡಳು, ಅತ್ತೆಯ ಹಣೆಯಲ್ಲಿ ಕುಂಕುಮ ಉಳಿಯಿತು. ಇಬ್ಬರನ್ನೂ ಚನ್ನಗಿರಿಗೆ ಕರೆತಂದೆ. ಜಗಳೂರಿನ ಮನೆ ಕೊಂಡವರು ಬೀಳಿಸಿ ಆರ್‌ಸಿಸಿ ಕಟ್ಟಿದರು. ಇಬ್ಬರು ಮುದುಕಿಯರೂ ನಮ್ಮ ಪಡಸಾಲೆಯಲ್ಲಿ ಟಿವಿ ಮುಂದೆ ಕೂತು, ಕೇಳಿಸದ ಕಿವಿಗಳಿಂದ ಒಂದೇ ಧಾರಾವಾಹಿಯ ಎರಡು ಬೇರೆ ಕತೆ ಹೇಳಿಕೊಂಡು ಕಚ್ಚಾಡುತ್ತಿದ್ದರು.

ನನ್ನ ಮಗಳು ವಿಜ್ಞಾನದ ಟೀಚರು. ಒಮ್ಮೆ ರಜೆಯಲ್ಲಿ ಬಂದವಳು ಫೋನಿನಲ್ಲಿ ಏನೋ ಓದುತ್ತಾ ನನಗೊಂದು ಸಂಗತಿ ಹೇಳಿದಳು. ಬೇರೆ ಲೋಕದಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದರೆ ಅವರ ಸದ್ದು ಕೇಳಿಸೀತೆಂದು ದೊಡ್ಡ ದೊಡ್ಡ ರೇಡಿಯೊಗಳನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದಾರಂತೆ. ನಾನು ಚಿಕ್ಕವಳಿದ್ದ ಕಾಲದಲ್ಲೇ ಯಾವುದೋ ದೇಶದಲ್ಲಿ ಒಂದು ಸಲ ಜೋರಾದ ಸದ್ದೊಂದು ಸಿಕ್ಕಿತ್ತಂತೆ. ಮತ್ತೆ ಅದೇ ದಿಕ್ಕಿಗೆ ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ. ಇನ್ನೊಂದು ಸಲ ಬಾರದ್ದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲವಂತೆ, ಅದು ವಿಜ್ಞಾನದ ನಿಯಮ. ಅಪ್ಪ ಇದ್ದಿದ್ದರೆ ಕುಣಿದಾಡುತ್ತಿದ್ದರು, ಅಜ್ಜಿ ಇದ್ದಿದ್ದರೆ ನಾನೇನು ಹೇಳಿದ್ದೆ ಎನ್ನುತ್ತಿದ್ದಳು. ನಾನು ಹೋಗಿ ಅತ್ತೆಯ ಕಿವಿಯ ಹತ್ತಿರ ಜೋರಾಗಿ ಇದನ್ನೆಲ್ಲ ಹೇಳಿದೆ. ಅವ್ವ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅತ್ತೆ ಪೂರ್ತಿ ಕೇಳಿ, ಅರ್ಥ ಮಾಡಿಕೊಂಡು, ಒಂದೇ ಕೇಳಿದಳು.

"ಅವರೂ ಓ ಅನ್ನಲಿಲ್ವಾ?"

"ಇಲ್ಲತ್ತೆ. ಇನ್ನೊಂದು ಸಲ ಕೇಳಿಸ್ಲಿ ಅಂತ ಕಾದ್ರಂತೆ."

"ಪಾಪ," ಎಂದಳು ಅತ್ತೆ. "ಕೂಗಿದೋರು ಎಷ್ಟೊತ್ತು ನಿಂತಿದ್ರೋ."

ಅಷ್ಟು ವರ್ಷ ನಾವೆಲ್ಲ ಬಾಗಿಲ ಒಳಗೆ ಕೂತವರ ಬಗ್ಗೆಯೇ ಯೋಚಿಸಿದ್ದೆವು. ಅವಳು ಹೊರಗೆ ನಿಂತವರ ಬಗ್ಗೆ ಯೋಚಿಸುತ್ತಾ ಮುದುಕಿಯಾಗಿದ್ದಳು. ನಾನು ತಡೆಯಲಾಗದೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ತಿರುಗಿ ಬಂದಾಗ ಅವ್ವ ಬೆಳ್ಳುಳ್ಳಿ ಬಿಟ್ಟು, ಅತ್ತೆಯ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಅತ್ತೆ ಹೋದದ್ದು ಹೋದ ವರ್ಷ, ಬೆಳಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ. ಹೊನ್ನಾಳಿಯಿಂದ ಮೈದುನನ ಮಗಳು ಬಂದಳು, ಅಂದು ಮದುವೆಗೆ ನಿಂತಿದ್ದವಳು. ಈಗ ಅವಳಿಗೇ ಮೊಮ್ಮಕ್ಕಳು. ಸಂತೇಬೆನ್ನೂರಿನಿಂದ, ಜಗಳೂರಿನಿಂದ ನಾಲ್ಕು ಜನ ಬಂದರು. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದಾಯಿತು. ಮುತ್ತೈದೆಯಾಗಿ ಹೋದವಳಿಗೆ ಕುಂಕುಮ ಇಟ್ಟು, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕಳಿಸಬೇಕು. ಅಲ್ಲದವಳಿಗೆ ಅದೆಲ್ಲ ಇಲ್ಲ. ಸ್ನಾನ ಮಾಡಿಸುವಾಗ ಅತ್ತೆಯ ಹಣೆಯ ಕುಂಕುಮ ತೊಳೆದುಹೋಗಿತ್ತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ನಮ್ಮ ಕಡೆ ನೋಡಿದರು.

"ಏನು ಮಾಡಾನ ತಾಯಿ? ಯಜಮಾನ್ರು ಅದಾರೋ ಇಲ್ಲೋ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದ್ದಿದ್ದರೂ ಈಗ ತೊಂಬತ್ತು ದಾಟಿರುತ್ತಿತ್ತು, ಇನ್ನೆಲ್ಲಿ ಇರ್ತಾರೆ, ಬರೀ ವಿಭೂತಿ ಸಾಕು ಎಂದು ಹೊನ್ನಾಳಿಯವಳು ಮೆಲ್ಲಗೆ ಹೇಳಿದಳು. ಕುಂಕುಮದ ತಟ್ಟೆ ಕಿಟಕಿಯ ಮೇಲಿತ್ತು. ನಾನು ಎದ್ದೆ. ಆದರೆ ನನಗಿಂತ ಮೊದಲು ಅವ್ವ ಗೋಡೆ ಹಿಡಿದು ಎದ್ದಿದ್ದಳು. ನಡೆಯಲು ಆಗದ ಅವ್ವ ಹೋಗಿ ತಟ್ಟೆ ತೆಗೆದುಕೊಂಡಳು. ಗಂಡನಿಲ್ಲದವಳು ಮುಟ್ಟಬಾರದ ತಟ್ಟೆ ಅದು. ಅಪ್ಪ ಹೋದಂದಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ.

"ನೀವು ಬ್ಯಾಡ್ರಿ ಬಸಮ್ಮಾರೆ, ನಾಗರತ್ನ ಇಡ್ಲಿ," ಎಂದು ಯಾರೋ ಅಂದರು. "ಅಲ್ಲಾ, ಇಡಬೇಕೋ ಬ್ಯಾಡೋ ಅಂತಾನೇ ಇನ್ನೂ..."

ಅವ್ವ ತಿರುಗಿ ನಿಂತಳು. ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ ಎಂದು ಬದುಕಿನುದ್ದಕ್ಕೂ ಹಟ ಹಿಡಿದವಳು.

"ಅವರು ಅದಾರೆ," ಎಂದಳು. "ಎಲ್ಲೋ ಅದಾರೆ. ಇಲ್ಲ ಅನ್ನೋದನ್ನ ಕಣ್ಣಾರೆ ಕಂಡೋರು ನಿಮ್ಮಾಗೆ ಯಾರಾರ ಇದ್ರೆ ಹೇಳ್ರಿ, ತಟ್ಟೆ ಕೆಳಗಿಡ್ತೀನಿ."

ಅಯ್ಯನವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವ್ವ ಅತ್ತೆಯ ಮುಂದೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ವಿಭೂತಿಯ ನಡುವೆ ಕುಂಕುಮ ಒತ್ತಿದಳು. ಅದು ಅತ್ತೆಯ ಮೂಗಿನ ಮೇಲೂ ಕೆನ್ನೆಯ ಮೇಲೂ ಉದುರಿತು. ನಾನು ಸೆರಗಿನಿಂದ ಒರೆಸಲು ಹೋದೆ.

"ಬಿಡೆ, ಇರ್ಲಿ," ಎಂದಳು ಅವ್ವ.

ಅತ್ತೆಯನ್ನು ಹಾಗೇ ಕಳಿಸಿದೆವು.